ಗೇಣು, ಮೋಟುಗೇಣು ಮತ್ತು ಮಳೆಗಾಲದ ದಾರಿ



ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಡಾಂಬರು ರಸ್ತೆ ಬಿಟ್ಟು ಒಂದು ಕಡೆ ಒಳಕ್ಕೆ ತಿರುಗಿದರೆ ಕೆಮ್ಮಣ್ಣಿನ ದಾರಿ. ಅದರಲ್ಲಿ ಮೂರು ಕಿಲೋಮೀಟರು ಹೋದರೆ ನಮ್ಮ ಮನೆ. ಈ ಮೂರು ಕಿಲೋಮೀಟರಿನೊಳಗೆ ಎರಡು ಹಳ್ಳ, ಧರೆ ಕಡಿದು ಮಾಡಿದ ಒಂದು ಏರು, ಮನೆ ಇನ್ನೇನು ಬಂತು ಎನ್ನುವಾಗ ಗದ್ದೆಯಂಚಿನಲ್ಲೊಂದು ಜವುಗು. ಚುನಾವಣೆ ಬಂದ ವರ್ಷ ಜಲ್ಲಿ ಬೀಳುತ್ತದೆ. ಅದೇ ವರ್ಷದ ಮಳೆ ಆ ಜಲ್ಲಿಯನ್ನು ಗದ್ದೆಗಿಳಿಸಿ ಹೋಗುತ್ತದೆ. ಉಳಿದ ವರ್ಷಗಳಲ್ಲಿ ನಾವುಂಟು, ಕಲ್ಲುಂಟು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಜೀಪು ಕೊಳ್ಳುವಷ್ಟು ಅಡಿಕೆ ನಮ್ಮ ತೋಟದಲ್ಲಿ ಬೆಳೆಯುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಹೊಸ ಕಾರು ಕೊಂಡಾಗ ಹಳೆಯದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಸೆಡಾನ್ ಎನ್ನುತ್ತಾರಲ್ಲ, ಹಿಂದೆ ಉದ್ದ ಡಿಕ್ಕಿ ಇರುವ ಸಾಧಾರಣ ಪೇಟೆ ಕಾರು. "ಅಪ್ಪಾ, ಇದನ್ನು ಮೇನ್ ರೋಡಿನ ತನಕ ಮಾತ್ರ ತಗೊಂಡು ಹೋಗು" ಎಂದ. ಮೇನ್ ರೋಡಿಗೆ ಹೋಗುವುದೇ ನಮ್ಮ ಕಷ್ಟವೆಂದು ಅವನಿಗೆ ಮರೆತುಹೋಗಿತ್ತು.

ಇಂಥ ಕಾರನ್ನು ಕಡಿಮೆ ಖರ್ಚಿನಲ್ಲಿ ಇಂಥ ದಾರಿಗೆ ಹೇಗೆ ಒಗ್ಗಿಸಿಕೊಂಡೆ ಎನ್ನುವುದೇ ಇವತ್ತಿನ ಮಾತು. ಇದು ಸಾಹಸ ಮಾಡುವವರಿಗಲ್ಲ. ಮನೆ ಸೇರಬೇಕಾದವರಿಗೆ.

ಮೊದಲು ಒಂದು ಅಳತೆ. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವ ಎತ್ತರವನ್ನು ಕಂಪನಿಯವರು ಮಿಲಿಮೀಟರಿನಲ್ಲಿ ಕೊಡುತ್ತಾರೆ. ಮಹೀಂದ್ರಾ ಥಾರ್‌ಗೆ ಅದು 226. ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಚಾಚಿ ನೋಡಿ, ಹೆಚ್ಚುಕಡಿಮೆ ಅಷ್ಟೇ. ಸರಿಯಾಗಿ ಒಂದು ಗೇಣು. ಮಾರುತಿ ಡಿಜೈರ್‌ಗೆ 163. ಹೆಬ್ಬೆರಳಿನಿಂದ ತೋರುಬೆರಳಿಗೆ ಚಾಚಿದರೆ ಮೋಟುಗೇಣು ಅನ್ನುತ್ತೇವಲ್ಲ, ಅದು. ಗೇಣಿಗೂ ಮೋಟುಗೇಣಿಗೂ ಇರುವ ವ್ಯತ್ಯಾಸ ಎರಡೂವರೆ ಇಂಚು. ಆ ಎರಡೂವರೆ ಇಂಚಿಗಾಗಿ ಜನ ಲಕ್ಷಗಟ್ಟಲೆ ಕೊಡುತ್ತಾರೆ. ಇದೂ ಕಾರು ಖಾಲಿ ಇದ್ದಾಗಿನ ಲೆಕ್ಕ. ಐದು ಜನ ಕುಳಿತು ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿದರೆ ಹಿಂಬದಿ ಕುಗ್ಗಿ, ಮೋಟುಗೇಣೂ ಮೊಟಕಾಗುತ್ತದೆ.

ಮೊದಲ ಮಳೆಗಾಲದಲ್ಲೇ ನನಗೆ ಪಾಠವಾಯಿತು. ಜುಲೈ ತಿಂಗಳ ಒಂದು ಸಂಜೆ. ಜೀಪುಗಳು ಓಡಾಡಿ ಓಡಾಡಿ ದಾರಿಯಲ್ಲಿ ಎರಡು ಆಳದ ಗಾಲಿಜಾಡು ಬಿದ್ದಿದ್ದವು. ನಡುವೆ ಹುಲ್ಲು ಬೆಳೆದ ದಿಣ್ಣೆ. ಹುಲ್ಲಿನಡಿ ಜಂಬಿಟ್ಟಿಗೆಯ ಕಲ್ಲೊಂದು ತಲೆಯೆತ್ತಿಕೊಂಡಿತ್ತು. ಠಣ್ ಅಂತ ಸದ್ದಾಯಿತು. ಕಾರು ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋದಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿತು. ಮನೆಗೆ ಇನ್ನೇನು ಇನ್ನೂರು ಮೀಟರು, ಹೊರಗೆ ಧೋ ಎಂದು ಮಳೆ. ಓಡಿಸಿಬಿಟ್ಟೆ. ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡಿರುವ ತಟ್ಟೆಯಂಥ ಭಾಗಕ್ಕೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಅದು ಸೀಳಿ, ಆಯಿಲ್ ಪೂರ್ತಿ ದಾರಿಪಾಲಾಗಿತ್ತು. ಆಯಿಲ್ ಇಲ್ಲದೆ ತಿರುಗಿದ ಎಂಜಿನ್ನಿನ ಬೇರಿಂಗುಗಳು ತಿಂದುಹೋಗಿದ್ದವು. ಅಲ್ಲೇ ನಿಲ್ಲಿಸಿ ನೆನೆದುಕೊಂಡು ನಡೆದಿದ್ದರೆ ಆರೇಳು ಸಾವಿರದಲ್ಲಿ ಮುಗಿಯುತ್ತಿತ್ತು. ಆ ಇನ್ನೂರು ಮೀಟರಿಗೆ ನಾನು ಕೊಟ್ಟಿದ್ದು ಮೂವತ್ತೆಂಟು ಸಾವಿರ. ಘರ್ಷಣೆಯ ಪಾಠವನ್ನು ಮೂವತ್ತು ವರ್ಷ ಮಾಡಿದವನು ನಾನು.

ಕಾರನ್ನು ಎಳೆಸಿಕೊಂಡು ಹೋಗಿದ್ದು ಪೇಟೆಯಂಚಿನ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿಯ ಸಾಬ್ರು ಹಿಂದೆ ಎಸ್ಟೇಟುಗಳ ಜೀಪು, ಅಂಬಾಸಿಡರ್ ರಿಪೇರಿ ಮಾಡಿದ ಕೈ. ನಾನು ಹೋದಕೂಡಲೇ ಕೇಳಿದ್ದು, "ಸಾಬ್ರೆ, ಇದನ್ನ ಎರಡಿಂಚು ಎತ್ತರ ಮಾಡಕ್ಕಾಗುತ್ತಾ?" ಅವರು ಕಾರಿನ ಕೆಳಗಿಂದಲೇ ಮಾತಾಡಿದರು: "ಮೇಷ್ಟ್ರೆ, ಎತ್ತರ ಆಮೇಲೆ. ಎಷ್ಟು ಎತ್ತರ ಮಾಡಿದ್ರೂ ಅದಕ್ಕಿಂತ ಒಂದಿಂಚು ದೊಡ್ಡ ಕಲ್ಲು ದಾರೀಲಿ ಇದ್ದೇ ಇರ್ತದೆ. ಮೊದ್ಲು ಹೊಟ್ಟೆಗೆ ತಗಡು ಕಟ್ಟಿ."

ಆ ಮಾತಿನ ಮೇಲೇ ನನ್ನ ಮುಂದಿನ ಖರ್ಚೆಲ್ಲ ನಿಂತಿತು. ದುಡ್ಡು ಮೊದಲು ಕಾರಿನ ಹೊಟ್ಟೆಯಡಿಗೆ ಹೋಗಬೇಕು. ಕಣ್ಣಿಗೆ ಕಾಣುವ ಜಾಗಕ್ಕೆ ಹೋದ ದುಡ್ಡು ಹೆಚ್ಚಾಗಿ ಶೋಕಿ.

ಇಂಥ ತಗಡನ್ನು, ಅಂದರೆ ಚೇಂಬರ್ ಗಾರ್ಡನ್ನು, ಕೆಲವು ಕಂಪನಿಗಳೇ ಮಾರುತ್ತವೆ. ನನ್ನ ಹಳೆಯ ಕಾರಿಗೆ ಸಿಗಲಿಲ್ಲ. ಸಾಬ್ರು ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟನ್ನು ಮೂರಡಿ ಉದ್ದ, ಎರಡಡಿ ಅಗಲಕ್ಕೆ ಕತ್ತರಿಸಿದರು. ಹದಿಮೂರು ಕೆ.ಜಿ. ತೂಗಿತು. ಮುಂದಿನ ಅಂಚನ್ನು ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿಸಿದರು. ಇಲ್ಲವಾದರೆ ತಗಡು ಕಲ್ಲಿನ ಮೇಲೆ ಜಾರುವ ಬದಲು ನೇಗಿಲಿನಂತೆ ನೆಲಕ್ಕೆ ಕಚ್ಚಿಕೊಳ್ಳುತ್ತದಂತೆ. ಆಯಿಲ್ ಬಿಡುವ ನಟ್ಟಿನ ಕೆಳಗೆ ಒಂದು ದೊಡ್ಡ ತೂತು, ಕೆಸರುನೀರು ಇಳಿಯಲಿ, ಗಾಳಿ ಆಡಲಿ ಎಂದು ಅಲ್ಲಲ್ಲಿ ಸಣ್ಣ ತೂತುಗಳು. ತಗಡಿಗೂ ಚೇಂಬರಿಗೂ ನಡುವೆ ಎರಡು ಬೆರಳು ಸಂದು ಬಿಟ್ಟರು. ಕಲ್ಲು ಬಡಿದು ತಗಡು ನೆಗ್ಗಿದರೂ ಚೇಂಬರಿಗೆ ತಾಗಬಾರದಲ್ಲ. ಬೆಸುಗೆ ಹಾಕದೆ, ಕಾರಿನ ಅಡಿಯಲ್ಲಿ ಮೊದಲೇ ಇದ್ದ ನಟ್ಟಿನ ಜಾಗಗಳಿಗೇ ಬೋಲ್ಟ್ ಮಾಡಿದರು. ಈಗಿನ ಕಾರಿನ ಮೈತಗಡು ತೆಳು, ಬೆಸುಗೆಯ ಬಿಸಿಗೆ ಸೋಲುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ಬೆಸುಗೆಯ ಕರೆಂಟು ಒಳ್ಳೆಯದಲ್ಲ. ಶೀಟು, ಕೂಲಿ, ಬೋಲ್ಟು, ತುಕ್ಕು ಹಿಡಿಯದ ಬಣ್ಣ ಎಲ್ಲ ಸೇರಿ ಎರಡು ಸಾವಿರದ ಎಂಟುನೂರು. ಅದೇ ಹೊತ್ತಿಗೆ ಸೈಲೆನ್ಸರ್ ನೇತಾಡುವ ರಬ್ಬರುಗಳನ್ನೂ ಹೊಸದು ಹಾಕಿಸಿದೆ. ಹಳೆಯ ರಬ್ಬರು ಜೋತುಬಿದ್ದು ಪೈಪು ಅರ್ಧ ಇಂಚು ಕೆಳಗೆ ಬಂದಿತ್ತು. ಆ ಅರ್ಧ ಇಂಚು ವಾಪಸು ಬಂದಿದ್ದು ನೂರೈವತ್ತು ರೂಪಾಯಿಗೆ.

ಇನ್ನು ಟೈರು. ಮಗ ಚೆಂದಕ್ಕೆಂದು ಹದಿನಾರು ಇಂಚಿನ ಅಲಾಯ್ ಚಕ್ರಗಳನ್ನು ಹಾಕಿಸಿದ್ದ. ಟೈರಿನ ಮೇಲೆ 195/50 ಆರ್ 16 ಎಂದಿತ್ತು. 195 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 50 ಎಂದರೆ ಟೈರಿನ ಪಕ್ಕದ ಗೋಡೆ ಆ ಅಗಲದ ನೂರಕ್ಕೆ ಐವತ್ತರಷ್ಟು ಎತ್ತರ. ಅಂದರೆ 98 ಮಿಲಿಮೀಟರು. ಕಂಪನಿ ಮೊದಲು ಕೊಟ್ಟಿದ್ದು 165/80 ಆರ್ 14. ಅದರ ಗೋಡೆ 132 ಮಿಲಿಮೀಟರು. ಕಲ್ಲಿನ ಪೆಟ್ಟನ್ನು ಮೊದಲು ತಿನ್ನುವುದು ಸ್ಪ್ರಿಂಗಲ್ಲ, ಈ ಗೋಡೆ. ಗೋಡೆ ಗಿಡ್ಡವಾದರೆ ಪೆಟ್ಟು ನೇರ ರಿಮ್ಮಿಗೆ ಬೀಳುತ್ತದೆ, ಅಲಾಯ್ ಸೀಳುತ್ತದೆ. ಕಬ್ಬಿಣದ ರಿಮ್ಮಾದರೆ ನೆಗ್ಗುತ್ತದೆ, ಪಂಕ್ಚರ್ ಅಂಗಡಿಯವನು ಸುತ್ತಿಗೆಯಲ್ಲಿ ಎರಡು ಬಡಿದು ಸರಿಮಾಡಿ ಕೊಡುತ್ತಾನೆ. ಅಲಾಯ್‌ಗಳನ್ನು ಟೈರಿನ ಸಮೇತ ಹದಿನಾಲ್ಕು ಸಾವಿರಕ್ಕೆ ಮಾರಿದೆ. ಶಿವಮೊಗ್ಗದ ಗುಜರಿಯಲ್ಲಿ ಹದಿನಾಲ್ಕು ಇಂಚಿನ ಕಬ್ಬಿಣದ ರಿಮ್ಮು, ಒಂದಕ್ಕೆ ಏಳುನೂರರಂತೆ ನಾಲ್ಕು ತಂದೆ. ಅದಕ್ಕೆ ಕಂಪನಿ ಹೇಳಿದ ಅಳತೆಯದೇ ಹೊಸ ಟೈರು, ಸ್ವಲ್ಪ ಬಿಡಿಬಿಡಿ ಹಲ್ಲಿರುವುದನ್ನು ಆರಿಸಿ ಹಾಕಿಸಿದೆ. ಕೈಯಿಂದ ಬಿದ್ದಿದ್ದು ನಾಲ್ಕೈದು ಸಾವಿರ. ಕೂತು ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ 601 ಇದ್ದದ್ದು 620 ಆಗಿತ್ತು. ಅದರ ಅರ್ಧ, ಅಂದರೆ ಒಂಬತ್ತು ಮಿಲಿಮೀಟರು, ಕಾರು ತಾನಾಗಿ ಮೇಲೆದ್ದಿತ್ತು. ಮಗನಿಗೆ ಹೇಳಿದಾಗ "ಕಾರಿನ ಲುಕ್ಕೇ ಹೋಯ್ತಲ್ಲಪ್ಪಾ" ಎಂದ.

ಅಗಲ ಟೈರು ಹಾಕಿದರೆ ಕೆಸರಿನಲ್ಲಿ ಹೂಳುವುದಿಲ್ಲ ಎನ್ನುವವರಿದ್ದಾರೆ. ಮರಳಿಗೆ ಆ ಮಾತು ಒಪ್ಪುತ್ತದೆ. ನಮ್ಮ ಮಲೆನಾಡಿನ ರಾಡಿ ಮೇಲೆ ನಾಲ್ಕು ಬೆರಳು, ಕೆಳಗೆ ಗಟ್ಟಿ ನೆಲ. ಕಿರಿದಾದ ಟೈರು ರಾಡಿಯನ್ನು ಸೀಳಿಕೊಂಡು ಹೋಗಿ ಆ ಗಟ್ಟಿ ನೆಲವನ್ನು ಹಿಡಿಯುತ್ತದೆ. ಹಳೆಯ ಮಿಲಿಟರಿ ಜೀಪುಗಳ ಟೈರು ನೋಡಿ, ಎಷ್ಟು ಸಪೂರ.

ಮೂರನೆಯದಾಗಿ ಬಂತು ಎತ್ತರ ಮಾಡುವ ಕೆಲಸ. ಇಲ್ಲಿಯೂ ಸಾಬ್ರು ಮೊದಲು ಅಳೆದದ್ದು ಹಳೆಯ ಸ್ಪ್ರಿಂಗುಗಳನ್ನು. ಹತ್ತು ವರ್ಷ ಭಾರ ಹೊತ್ತು ಅವು ಕುಸಿದಿದ್ದವು. ಅದೇ ಕಂಪನಿಯ ಹೊಸ ಸ್ಪ್ರಿಂಗು ಹಾಕಿದ್ದಕ್ಕೇ ಹಿಂಬದಿ ಅರ್ಧ ಇಂಚು ಎದ್ದಿತು. ಆಮೇಲೆ ಮುಂದಿನ ಸ್ಟ್ರಟ್ಟಿನ ತಲೆಗೂ ಹಿಂದಿನ ಸ್ಪ್ರಿಂಗಿನ ಬುಡಕ್ಕೂ ಇಪ್ಪತ್ತು ಮಿಲಿಮೀಟರಿನ ಸ್ಪೇಸರ್. ಅಷ್ಟೇ, ಅದಕ್ಕಿಂತ ಮೇಲೆ ಹೋಗಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಸಾಬ್ರು ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಟಾರ್ಚು ಹಾಕಿ ತೋರಿಸಿದರು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಅದು ಹೆಚ್ಚುಕಡಿಮೆ ನೇರವಾಗಿ ಹೋಗಬೇಕು. ಕಾರು ಮೇಲೆದ್ದಷ್ಟೂ ಅದು ಇಳಿಜಾರಾಗುತ್ತದೆ. ಆ ಕೋನದಲ್ಲೇ ತಿರುಗಿ ತಿರುಗಿ ಕೀಲು ಸವೆಯುತ್ತದೆ, ಅದರ ಮೇಲಿನ ರಬ್ಬರ್ ಬೂಟು ಹರಿಯುತ್ತದೆ, ಹರಿದಲ್ಲಿ ಕೆಸರು ಹೋಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ತಿಳಿಯಿರಿ, ಶಾಫ್ಟು ಕೆಟ್ಟಿತು ಅಂತ. ಇದಲ್ಲದೆ ಕಾರಿನ ಭಾರ ನೆಲದಿಂದ ಮೇಲೆ ಹೋದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಸ್ಪೇಸರ್ ಹಾಕಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು, ಬ್ರೇಕ್ ಹೋಸ್ ಬಿಗಿಯಾಗಿಲ್ಲವೆಂದು ನೋಡಬೇಕು, ಹೆಡ್‌ಲೈಟನ್ನು ಕೆಳಗಿಳಿಸಿಕೊಳ್ಳಬೇಕು. ಇಲ್ಲದಿದ್ದರೆ ಎದುರಿನವರ ಶಾಪ ತಪ್ಪಿದ್ದಲ್ಲ.

ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರಿನ ಬಳೆ ಐನೂರು ರೂಪಾಯಿಗೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಹಿಡಿಸಲಿಲ್ಲ. ಎರಡು ಸುರುಳಿ ಆಡದಂತೆ ಕಟ್ಟಿಹಾಕಿದರೆ ಭಾರವೆಲ್ಲ ಉಳಿದ ಸುರುಳಿಗಳ ಮೇಲೆ. ಕಾರು ಎತ್ತರವೇನೋ ಆಗುತ್ತದೆ, ಎತ್ತಿನಗಾಡಿಯಂತೆ ಕುಟ್ಟುತ್ತದೆ. ಚಕ್ರ ತಗ್ಗಿಗೆ ಇಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ನೆಲ ಮುಟ್ಟದ ಚಕ್ರ ಯಾವ ಪುರುಷಾರ್ಥಕ್ಕೆ?

ಗ್ಯಾರೇಜಿನ ಬೆಂಚಿನಲ್ಲಿ ಕಾಯುತ್ತ ಕುಳಿತಾಗ ನಾನು ಸಾಬ್ರಿಗೆ ಜೋಗಿಂದರ್ ಸಿಂಗ್ ಕಥೆ ಹೇಳಿದೆ. ನಿಮಗೂ ಹೇಳಬೇಕು. ಪೂರ್ವ ಆಫ್ರಿಕಾದಲ್ಲಿ 1953ರಲ್ಲಿ, ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗೆ, ಒಂದು ಕಾರು ಪಂದ್ಯ ಶುರುವಾಯಿತು. ಅದೇ ಮುಂದೆ ಸಫಾರಿ ರ್‍ಯಾಲಿ ಎಂದು ಹೆಸರಾಯಿತು. ಈಸ್ಟರ್ ಹೊತ್ತಿನ ಮಳೆ, ಕೀನ್ಯಾದ ಕಪ್ಪು ಎರೆಮಣ್ಣು, ಸಾವಿರಾರು ಕಿಲೋಮೀಟರು. ಓಡುತ್ತಿದ್ದುದು ಹೆಚ್ಚಾಗಿ ಅಂಗಡಿಯಲ್ಲಿ ಸಿಗುವಂಥ ಕಾರುಗಳೇ. 1963ರಲ್ಲಿ ಮತ್ತು 1968ರಲ್ಲಿ ಕೊನೆ ಮುಟ್ಟಿದ್ದು ಏಳೇ ಏಳು ಕಾರು. ಎರಡು ಸಲವೂ ಗೆದ್ದದ್ದು ಪ್ಯೂಜೊ 404, ಊರೂರಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಸೆಡಾನ್. ನಡುವೆ 1965ರಲ್ಲಿ ಗೆದ್ದವರು ಕೀನ್ಯಾದಲ್ಲೇ ಹುಟ್ಟಿ ಬೆಳೆದ ಸಿಖ್ ಮೆಕ್ಯಾನಿಕ್ ಜೋಗಿಂದರ್ ಸಿಂಗ್. ಪಕ್ಕದಲ್ಲಿ ತಮ್ಮ ಜಸ್ವಂತ್. ಕಾರು ವೋಲ್ವೊ ಪಿ.ವಿ. 544, ಅದೂ ಸೆಕೆಂಡ್ ಹ್ಯಾಂಡ್. ಆಮೇಲೆ 1974ರಲ್ಲಿ, 1976ರಲ್ಲಿ ಮಿತ್ಸುಬಿಶಿ ಲ್ಯಾನ್ಸರಿನಲ್ಲಿ ಅವರು ಮತ್ತೆರಡು ಸಲ ಗೆದ್ದರು. ಆ ಪಂದ್ಯದ ಕಾರುಗಳ ಹೊಟ್ಟೆಗೆ ದಪ್ಪ ತಗಡು ಇರುತ್ತಿತ್ತು. ಹಿಂದೆ ಬಂಪರಿನ ಹತ್ತಿರ ನಿಲ್ಲಲು ಮೆಟ್ಟಿಲು, ಹಿಡಿದುಕೊಳ್ಳಲು ಹಿಡಿಕೆ. ಹಿಂದಿನ ಚಕ್ರ ಜಾರತೊಡಗಿದಾಗ ಜೊತೆಗಾರ ಇಳಿದು ಅದರ ಮೇಲೆ ನಿಂತು ಕುಣಿಯುತ್ತಿದ್ದ.

ಸಾಬ್ರು ಸ್ಪ್ಯಾನರ್ ಕೆಳಗಿಟ್ಟು ನಕ್ಕರು. "ನಾವೂ ಅದನ್ನೇ ಮಾಡ್ತಿದ್ದದ್ದು ಮೇಷ್ಟ್ರೆ. ಅಂಬಾಸಿಡರ್ ಘಾಟಿ ಹತ್ತಲ್ಲ ಅಂದ್ರೆ ಇಬ್ಬರು ಆಳು ಹಿಂದಿನ ಬಂಪರ್ ಮೇಲೆ." 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿಗೆ ಎಂಜಿನ್ನಿನ ಬಲ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ಹಿಂದೆ ಕಮಾನುಪಟ್ಟಿ, ಎತ್ತರ ಬೇಕೆಂದರೆ ಇನ್ನೊಂದು ಪಟ್ಟಿ ಸೇರಿಸಿದರಾಯಿತು. ಮುಂದೆ ತಿರುಚು ಸರಳು, ಅದನ್ನು ತಿರುಗಿಸಿ ಮೂತಿ ಎತ್ತಬಹುದಿತ್ತು. ಮಲೆನಾಡಿನಲ್ಲಿ ಅದು ಅಷ್ಟು ಕಾಲ ಬದುಕಿದ್ದು ಸುಮ್ಮನೆ ಅಲ್ಲ.

ಈಗಿನ ಸಣ್ಣ ಕಾರುಗಳಲ್ಲಿ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಚಪ್ಪಟೆ ನೆಲದ ಕೆಸರಿನಲ್ಲಿ ಅದು ಒಳ್ಳೆಯದೇ, ಎಂಜಿನ್ನಿನ ಭಾರವೂ ಆ ಚಕ್ರಗಳ ಮೇಲೇ ಇರುತ್ತದೆ. ಏರು ಬಂದಾಗ ಕಥೆ ಬೇರೆ. ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗಿ ಗರಗರ ತಿರುಗುತ್ತದೆ. ನಮ್ಮ ಧರೆಯ ಏರಿನಲ್ಲಿ ನಾನು ಮೂರು ಸಲ ಜಾರಿ, ನಾಲ್ಕನೆಯ ಸಲ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿದೆ. ಆಗ ಎಳೆಯುವ ಚಕ್ರಗಳು ಇಳಿಜಾರಿನ ಕೆಳಬದಿಗೆ ಬರುತ್ತವೆ, ಭಾರವೆಲ್ಲ ಅವುಗಳ ಮೇಲೆ. ಸುಮ್ಮನೆ ಹತ್ತಿತು. ಪಕ್ಕದ ಮನೆಯ ಹುಡುಗರು ಚಪ್ಪಾಳೆ ಹೊಡೆದರು. ಮಾರನೆಯ ದಿನ ಊರಲ್ಲೆಲ್ಲ ಮೇಷ್ಟ್ರ ಕಾರು ಹಿಂದುಮುಂದಾಗಿ ಓಡುತ್ತದೆ ಎಂದು ಸುದ್ದಿ. ಈ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ. ಹಿಂದೆ ಒಬ್ಬರು ನಿಂತು ದಾರಿ ಹೇಳಬೇಕು, ಅಷ್ಟೆ. ಅವರು ನಿಲ್ಲಬೇಕಾದ್ದು ದಾರಿಯ ಪಕ್ಕಕ್ಕೆ. ಕಾರಿನ ನೇರಕ್ಕೆ ಯಾರೂ ನಿಲ್ಲಬಾರದು.

ಗಾಲಿಜಾಡಿನ ದಾರಿಯಲ್ಲಿ ಎರಡು ಚಕ್ರವನ್ನೂ ಜಾಡಿಗಿಳಿಸಿದರೆ ದಿಣ್ಣೆ ಹೊಟ್ಟೆಗೆ ತಾಗುತ್ತದೆ. ಒಂದು ಬದಿಯ ಚಕ್ರ ನಡುವಿನ ದಿಣ್ಣೆಯ ಮೇಲೆ, ಇನ್ನೊಂದು ಬದಿಯದು ದಾರಿಯಂಚಿನಲ್ಲಿ, ಜಾಡು ಕಾರಿನ ಕೆಳಗೆ. ಹಾಗೆ ಹೋಗಬೇಕು. ಗುಂಡಿ ದಾಟುವಾಗ ನೇರ ಇಳಿಯುವ ಬದಲು ಓರೆಯಾಗಿ, ಒಂದೊಂದೇ ಚಕ್ರ ಇಳಿಸಿ ಹತ್ತಿಸಿದರೆ ಬಂಪರಿನ ಗಲ್ಲ ಉಳಿಯುತ್ತದೆ. ಹೊಳೆದಂಡೆಯ ಮರಳಿಗೆ ಮೂವತ್ತೆರಡು ಪಾಯಿಂಟಿನ ಗಾಳಿಯನ್ನು ಇಪ್ಪತ್ತಕ್ಕೆ ಇಳಿಸಬಹುದು. ಟೈರು ಚಪಾತಿಯಂತೆ ಹರಡಿ ಹಿಡಿತ ಕೊಡುತ್ತದೆ. ಹದಿನೈದಕ್ಕಿಂತ ಕೆಳಗೆ ಹೋದರೆ ಟೈರು ರಿಮ್ಮಿನಿಂದಲೇ ಕಳಚೀತು. ಡಾಂಬರು ಸಿಕ್ಕ ಕೂಡಲೇ ಕಾಲುಪಂಪಿನಲ್ಲಿ ತುಂಬಿಸಿಕೊಳ್ಳಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯುತ್ತದೆ.

ಹಳ್ಳದ ನೀರಿನ ವಿಚಾರದಲ್ಲಿ ಮಾತ್ರ ನನಗೆ ಯಾವ ಧೈರ್ಯವೂ ಇಲ್ಲ. ಚಕ್ರದ ನಡುವಿನ ಕಪ್ಪಿಗಿಂತ ಮೇಲೆ ನೀರಿದ್ದರೆ ಇಳಿಯುವುದಿಲ್ಲ. ಅದಕ್ಕಿಂತ ಕಡಿಮೆ ಇದ್ದರೂ ಸೆಳೆತ ಜೋರಿದ್ದರೆ ಇಳಿಯುವುದಿಲ್ಲ. ಎಂಜಿನ್ ಉಸಿರಾಡುವ ಮೂಗು ಬಹಳಷ್ಟು ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೆಯೇ ಇರುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ನಿನ ಕಬ್ಬಿಣದ ತೋಳೇ ಬಾಗುತ್ತದೆ. ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಕೀ ತಿರುಗಿಸಲೇಬೇಡಿ, ತಳ್ಳಿಕೊಂಡು ಹೊರಗೆ ತನ್ನಿ.

ನಾನು ಮಾಡಿಸದೆ ಬಿಟ್ಟದ್ದೂ ಇದೆ. ಮುಂದೆ ಕಬ್ಬಿಣದ ಕೊಂಬಿನಂಥ ಗಾರ್ಡು ಬೇಡವೆಂದೆ. ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಅದರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗೆ ಬಡಿದರೆ ಅವನ ಕಥೆ ಮುಗಿಯಿತು. ಏರ್‌ಬ್ಯಾಗು ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳುವುದಕ್ಕೂ ಅದು ಅಡ್ಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌.ಸಿ.ಯಲ್ಲಿರುವ ಕಂಪನಿಯ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅದಕ್ಕೇ ಟೈರು ಕಂಪನಿಯ ಅಳತೆಯದು, ಸ್ಪ್ರಿಂಗು ಕಂಪನಿಯದು. ಸ್ಪೇಸರ್ ಹಾಕಿಸಿದ್ದನ್ನು ವಿಮೆಯವರಿಗೆ ಕಾಗದದಲ್ಲಿ ಬರೆದು ಕೊಟ್ಟೆ. ನೀವು ಏನೇ ಮಾಡಿಸುವುದಿದ್ದರೂ ಮೊದಲು ಆರ್‌.ಟಿ.ಓ. ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ. ಇನ್ನೊಂದು ಮಾತು. ಕಾರು ಸಜ್ಜಾಯಿತೆಂದು ಶನಿವಾರ ಭಾನುವಾರ ಕಾಡಿಗೆ, ಗುಡ್ಡದ ಬೋಳುಹುಲ್ಲಿಗೆ ಹತ್ತಿಸುವವರಿದ್ದಾರೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೊಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಹುಲ್ಲುಗುಡ್ಡದ ಮೇಲೆ ಈ ವರ್ಷ ಬಿದ್ದ ಗಾಲಿಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ನಮ್ಮ ಮನೆಯ ದಾರಿ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಕಾರಿನಲ್ಲಿ ಸದಾ ಇರುವ ಸಾಮಾನು: ಎರಡು ಗೋಣಿಚೀಲ, ಒಂದು ಹಾರೆ, ಇಪ್ಪತ್ತಡಿ ಗಟ್ಟಿ ಹಗ್ಗ, ಒಂದಡಿ ಚೌಕದ ಹಲಗೆ. ಹಲಗೆ ಇಲ್ಲದೆ ಕೆಸರಿನಲ್ಲಿ ಜಾಕ್ ಇಟ್ಟರೆ ಕಾರು ಮೇಲೇಳುವುದಿಲ್ಲ, ಜಾಕೇ ಕೆಳಗಿಳಿಯುತ್ತದೆ. ಇದರ ಜೊತೆಗೆ ಡ್ರೈವರ್ ಸೀಟಿನಡಿ ಅಡಿಕೆ ದಬ್ಬೆಯ ಒಂದು ತುಂಡು. ನನ್ನ ಕಾರಿನ ಹೊಟ್ಟೆ ಈಗ ನೆಲದಿಂದ ಎಷ್ಟು ಎತ್ತರವೋ ಅದಕ್ಕಿಂತ ಒಂದು ಬೆರಳು ಗಿಡ್ಡವಾಗಿ ಕತ್ತರಿಸಿದ್ದು. ದಾರಿಯಲ್ಲಿ ಅನುಮಾನದ ಕಲ್ಲು ಕಂಡರೆ ಇಳಿದು ದಬ್ಬೆಯನ್ನು ಪಕ್ಕದಲ್ಲಿ ನಿಲ್ಲಿಸುತ್ತೇನೆ. ದಬ್ಬೆಗಿಂತ ಕಲ್ಲು ಎತ್ತರವಿದ್ದರೆ ಕಲ್ಲು ಎಬ್ಬಿಸುತ್ತೇನೆ, ಆಗದಿದ್ದರೆ ಕಾರು ಬಿಟ್ಟು ನಡೆಯುತ್ತೇನೆ. ತಗಡು, ಟೈರು, ಸ್ಪ್ರಿಂಗು, ಸ್ಪೇಸರ್, ಕೂಲಿ ಎಲ್ಲ ಸೇರಿ ನನಗಾದ ಖರ್ಚು ಹದಿನೆಂಟು ಸಾವಿರದ ಒಳಗೆ. ಕೆಂಪು ದೀಪದ ಆ ಮೂವತ್ತೆಂಟು ಸಾವಿರವನ್ನು ಇದಕ್ಕೆ ಸೇರಿಸಿಲ್ಲ.

ಮಳೆಗಾಲ ಹತ್ತಿರ ಬಂದಿದೆ. ನಿಮ್ಮ ಮನೆಯದೂ ಮಣ್ಣಿನ ದಾರಿಯಾಗಿದ್ದರೆ ಈ ಭಾನುವಾರ ಒಂದು ಗೋಣಿ ಹಾಸಿಕೊಂಡು ಕಾರಿನ ಪಕ್ಕ ಮಲಗಿ, ಟಾರ್ಚು ಹಾಕಿ ಅಡಿಗೆ ಒಮ್ಮೆ ನೋಡಿ. ಚೇಂಬರ್ ಎಲ್ಲಿದೆ, ಯಾವುದು ಜೋತುಬಿದ್ದಿದೆ, ಕಲ್ಲು ಎಲ್ಲೆಲ್ಲಿ ಗೀರಿದೆ, ಎಲ್ಲ ಕಾಣುತ್ತದೆ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ದಯವಿಟ್ಟು ಯಾರೂ ಹೋಗಬೇಡಿ.